ಸಮುದ್ರ ಮತ್ತು ಊರಬಾವಿ

ಬಿ.ಎ. ತರಗತಿಯಲ್ಲಿ ಡೆರೆಕ್ ವಾಲ್ಕಾಟ್ ಬಗ್ಗೆ ಹೇಳುತ್ತಿದ್ದೆ. 'ಸಾರ್, ನಮಗೂ ಸಮುದ್ರಕ್ಕೂ ಏನ್ ಸಂಬಂಧ? ನಮ್ಗೆ ಊರ ಬಾವೀನೇ ಸಿಕ್ಕಿರ್ಲಿಲ್ಲ' ಅಂದ ಒಬ್ಬ ಹುಡುಗ. ತರಗತಿ ನಕ್ಕಿತು. ನನಗೆ ನಗಲಾಗಲಿಲ್ಲ. ನಮ್ಮಜ್ಜಿ ಬಾವಿಯಿಂದ ದೂರ ಬಿಂದಿಗೆ ಇಟ್ಟು, ಯಾರಾದರೂ ಸೇದಿ ಹುಯ್ಯಲಿ ಎಂದು ಕಾದವಳು.

ವಾಲ್ಕಾಟ್ 1930ರಲ್ಲಿ ಸೇಂಟ್ ಲೂಸಿಯಾ ದ್ವೀಪದಲ್ಲಿ ಹುಟ್ಟಿದವನು. ಅಜ್ಜಿಯರಿಬ್ಬರೂ ಕಪ್ಪು, ಅಜ್ಜಂದಿರಿಬ್ಬರೂ ಬಿಳಿ. ಹದಿನೆಂಟರ ಹರೆಯದಲ್ಲಿ, 1948ರಲ್ಲಿ, ಶಾಲಾಶಿಕ್ಷಕಿಯಾದ ತಾಯಿ ಕೊಟ್ಟ ಹಣದಿಂದ ಮೊದಲ ಸಂಕಲನ ಅಚ್ಚು ಹಾಕಿಸಿದ. ನಿಮ್ಮ ಸ್ಮಾರಕ, ನಿಮ್ಮ ಚರಿತ್ರೆ ಎಲ್ಲಿ ಎಂದು ಕೇಳಿದವರಿಗೆ ಅವನು ಸಮುದ್ರವನ್ನೇ ತೋರಿಸುತ್ತಾನೆ. ಹಡಗಿನಿಂದ ಎಸೆಯಲ್ಪಟ್ಟ ಗುಲಾಮರ ಮೂಳೆಗಳು ಅಲ್ಲಿವೆ. ಶಾಸನವಿಲ್ಲದ ನಮಗೆ ಇದು ಹೊಸ ಮಾತಲ್ಲ. ನಮ್ಮ ಚರಿತ್ರೆಯೂ ಮುಟ್ಟಲಾಗದ ನೀರಿನಲ್ಲೇ ಇದೆ.

ಕಲಿಕೆಯ ಬಗ್ಗೆ ಅವನ ನಿಲುವು ಗಟ್ಟಿ. ಯಜಮಾನನ ಭಾಷೆಯನ್ನು ಕಲಿಯುವುದು, ಹಳೆಯ ಕವಿಗಳನ್ನು ಅನುಕರಿಸುವುದು ಅವನಿಗೆ ಗುಲಾಮಗಿರಿಯಲ್ಲ, ಕಸುಬು ಕಲಿಯುವ ರೀತಿ. ಇದನ್ನು ಒಪ್ಪುತ್ತೇನೆ. ಪಂಪನನ್ನು ಪಾಠ ಹೇಳುವ ನಾನು ಯಾರಿಗೂ ಋಣಿಯಲ್ಲ, ಅದು ನನ್ನದೂ ಹೌದು.

ತಕರಾರು ಇರುವುದು ಇನ್ನೊಂದು ಕಡೆ. 1974ರ ಪ್ರಬಂಧವೊಂದರಲ್ಲಿ ಅವನು, ಗುಲಾಮರ ಮಕ್ಕಳು ಬರೆಯುವ ಸೇಡಿನ ಸಾಹಿತ್ಯವನ್ನೂ ಯಜಮಾನರ ಮಕ್ಕಳು ಬರೆಯುವ ಪಶ್ಚಾತ್ತಾಪದ ಸಾಹಿತ್ಯವನ್ನೂ ಒಟ್ಟಿಗೆ ತಳ್ಳಿಹಾಕುತ್ತಾನೆ. ಆದರೆ ಸಿಟ್ಟೆಲ್ಲ ಸೇಡೇ? ಗಾಯ ಮಾಗಿದ ಮೇಲಿನ ಸಮಾಧಾನ ಬೇರೆ. ಗಾಯ ಆಗುತ್ತಲೇ ಇರುವಾಗ ಸಮಾಧಾನ ಕೇಳುವುದು ಬೇರೆ. ಸಿದ್ಧಲಿಂಗಯ್ಯನವರ 1975ರ 'ಹೊಲೆಮಾದಿಗರ ಹಾಡು' ಸೇಡಲ್ಲ, ಲೆಕ್ಕ ಕೇಳಿದ್ದು.

1992ರ ನೊಬೆಲ್ ಭಾಷಣವನ್ನು ವಾಲ್ಕಾಟ್ ಟ್ರಿನಿಡಾಡಿನ ಫೆಲಿಸಿಟಿ ಎಂಬ ಹಳ್ಳಿಯ ರಾಮಲೀಲೆಯಿಂದ ಶುರುಮಾಡುತ್ತಾನೆ. ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳಾಗಿ 1845ರಿಂದ ಕಡಲು ದಾಟಿದವರ ಮೊಮ್ಮಕ್ಕಳ ಆಟ ಅದು. ಕಳೆದುಹೋದದ್ದರ ಶೋಕವನ್ನು ಅಲ್ಲಿ ಹುಡುಕಿದೆ, ಅಲ್ಲಿದ್ದದ್ದು ನಂಬಿಕೆ ಮತ್ತು ಸಂಭ್ರಮ ಎಂದು ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುತ್ತಾನೆ. ಒಡೆದ ಪಾತ್ರೆಯ ಚೂರು ಕೂಡಿಸುವ ಪ್ರೀತಿ ದೊಡ್ಡದು ಎನ್ನುತ್ತಾನೆ. ದೊಡ್ಡ ಮಾತೇ. ಆದರೆ ಆ ಹಡಗುಗಳಲ್ಲಿ ತಳಜಾತಿಯವರೂ ಬಹಳ ಮಂದಿ ಇದ್ದರು. ಕಡಲು ದಾಟಿದರೆ ಜಾತಿ ಕೆಡುತ್ತದೆಂದಿತು ಶಾಸ್ತ್ರ. ಜಾತಿಯಿಂದ ಮಾನವೇ ಸಿಗದವರಿಗೆ ಕೆಡಲು ಏನಿತ್ತು? ಕೂಡಿಸಿದ ಪಾತ್ರೆಯಲ್ಲಿ ಶಂಬೂಕನ ಚೂರು ಎಲ್ಲಿ? ತಪಸ್ಸಿಗಾಗಿ ತಲೆ ಕೊಟ್ಟವನು ಅವನು. ಕುವೆಂಪು 'ಶೂದ್ರ ತಪಸ್ವಿ'ಯಲ್ಲಿ ಕೇಳಿದ ಈ ಪ್ರಶ್ನೆಯನ್ನು ವಾಲ್ಕಾಟ್ ಕೇಳಲಿಲ್ಲ. ಅವನನ್ನು ಓದುವ ನಾವು ಕೇಳಬೇಕು.

ಆ ಹುಡುಗನಿಗೆ ಮರುದಿನ ಹೇಳಿದೆ: 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರಲ್ಲ, ನಮ್ಮ ಸಮುದ್ರ ಅಷ್ಟಗಲದ್ದು ಕಣಪ್ಪ. ಅಲ್ಲಿಂದಲೇ ವಾಲ್ಕಾಟನ ಕಡಲಿಗೂ ಹೋಗೋಣ. ಯಾರೋ ಸೇದಿ ಹುಯ್ಯಲಿ ಎಂದು ಕಾಯುವುದು ಬೇಡ.