ಡೈನಮೋ ಬಿಚ್ಚುವ ಮುನ್ನ

ಗುಂಡ್ಲುಪೇಟೆ ದಾಟಿದರೆ ಊಟಿ ರಸ್ತೆಯೂ ಬತ್ತೇರಿ ರಸ್ತೆಯೂ ಬಂಡೀಪುರದ ಕಾಡಿಗೇ ಹೋಗುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಗೇಟು ಮುಚ್ಚುವುದರೊಳಗೆ ದಾಟಿಬಿಡೋಣವೆಂದು ಮುಸ್ಸಂಜೆಯಲ್ಲಿ ಹೊರಟ ಹಳೇ ಅಂಬಾಸಡರಿನ ಹೆಡ್‌ಲೈಟು ದಾರಿಯಲ್ಲಿ ಮಂಕಾಗತೊಡಗಿದರೆ, ಆನೆ ಅಡ್ಡಾಡುವ ಜಾಗದಲ್ಲಿ ಬಾನೆಟ್ ಎತ್ತಿಕೊಂಡು ನಿಲ್ಲಲಾಗದು. ಆದ್ದರಿಂದ ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಹಳೇ ಕಾರಿನ ಚಾರ್ಜಿಂಗ್ ದೋಷ ಹುಡುಕುವ ಪದ್ಧತಿ ಹೇಗಿದೆ ಎಂಬುದು ಹವ್ಯಾಸಿಗಳ ಹರಟೆಗಷ್ಟೇ ಸೇರಿದ ವಿಷಯವಲ್ಲ.

ಇಲ್ಲಿನ ಹಳೇ ಎಲೆಕ್ಟ್ರಿಷಿಯನ್ನರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವ. ಹೆಬ್ಬೆರಳಿನಿಂದ ಫ್ಯಾನ್ ಬೆಲ್ಟ್ ಒತ್ತಿ ನೋಡುತ್ತಾರೆ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಒಂದೊಂದೇ ಟರ್ಮಿನಲ್ ಮುಟ್ಟುತ್ತಾರೆ. ಬಿಸಿಯಾಗಿರುವ ಕಡೆ ಜೋಡಣೆ ಸಡಿಲ. ಮೀಟರೇ ಬೇಡದ ಈ ಪರೀಕ್ಷೆ ನೂರಕ್ಕೆ ನೂರು ಸರಿ.

ಅದೇ ಕೈ ಮುಂದೆ ಮಾಡುವ ಕೆಲಸವನ್ನು ಮಾತ್ರ ಒಪ್ಪಲಾರೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು, ಎಂಜಿನ್ ನಿಂತುಹೋದರೆ "ಡೈನಮ ಹೋಗ್ಬುಟ್ಟದ ಸಾ" ಎಂದು ತೀರ್ಪು ಕೊಡುವುದು. ಡೈನಮೋ ನಿಧಾನದ ಓಟದಲ್ಲಿ ಹೇಗೂ ಸಾಕಷ್ಟು ಕರೆಂಟ್ ಹುಟ್ಟಿಸುವುದಿಲ್ಲ. ಆಗ ಡ್ಯಾಶಿನ ಕೆಂಪು ದೀಪ ಮಿಣುಕುವುದು ಸಹಜ, ಟರ್ಮಿನಲ್ ಕಿತ್ತರೆ ಎಂಜಿನ್ ನಿಲ್ಲುವುದೂ ಸಹಜ. ಡೈನಮೋ ಬದಲಿಗೆ ಆಲ್ಟರ್ನೇಟರ್ ಕೂರಿಸಿಕೊಂಡ ಕಾರಿನಲ್ಲಂತೂ ಇದು ಇನ್ನೂ ಕೆಟ್ಟದ್ದು. ಬ್ಯಾಟರಿಯ ಆಸರೆ ತಪ್ಪಿದ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡೋ ರೆಗ್ಯುಲೇಟರೋ ಸುಟ್ಟುಹೋಗಬಹುದು. ಚೆನ್ನಾಗಿದ್ದದ್ದನ್ನು ಪರೀಕ್ಷೆಯೇ ಕೆಡಿಸುತ್ತದೆ.

ಸರಿಯಾದ ದಾರಿ ಬ್ಯಾಟರಿಯಿಂದ ಶುರುವಾಗುತ್ತದೆ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಬೇಕು, ಎಂಜಿನ್ ತುಸು ರೇಸ್ ಮಾಡಿದಾಗ 14ರ ಆಸುಪಾಸು. ಏರದಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಲೋಹದ ಮೈಗಿಟ್ಟು, ಇನ್ನೊಂದನ್ನು ಅದರ ಔಟ್‌ಪುಟ್ ಬೋಲ್ಟಿಗೆ ಇಡಬೇಕು. ಅಲ್ಲಿ 14.2 ಇದ್ದು ಬ್ಯಾಟರಿಯಲ್ಲಿ 12.9 ಮಾತ್ರ ಇದ್ದರೆ ಯಂತ್ರದ ತಪ್ಪೇನೂ ಇಲ್ಲ, ನಡುವಿನ 1.3 ವೋಲ್ಟನ್ನು ದಾರಿಯಲ್ಲಿ ಯಾವುದೋ ಜೋಡಣೆ ತಿನ್ನುತ್ತಿದೆ. ಹಸಿರು ಕಿಲುಬು ಹಿಡಿದ ಲಗ್ಗು, ಬಣ್ಣದ ಮೇಲೆ ಬಿಗಿದ ಅರ್ಥ್ ವಾಯರು, ಹೀಗೆ. ಮರಳುಕಾಗದದಲ್ಲಿ ಉಜ್ಜಿ ಬಿಗಿದರೆ ಮುಗಿಯುವ ಕೆಲಸಕ್ಕೆ ಆಲ್ಟರ್ನೇಟರ್ ಬಿಚ್ಚಿಸಿಕೊಂಡವರು ಎಷ್ಟೋ ಮಂದಿ.

ಲೆಕ್ಕ ಹಾಕದಿರುವುದು ಇನ್ನೊಂದು ದೋಷ. ಲ್ಯೂಕಸ್ ಸಿ-40 ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರ್. ಕಾಡು ರಸ್ತೆಗೆ ಬೆಳಕು ಸಾಲದೆಂದು 100 ವ್ಯಾಟಿನ ಎರಡು ಬಲ್ಬು ಹಾಕಿದರೆ ಅವೇ 16 ಆಂಪಿಯರಿನಷ್ಟು ಎಳೆಯುತ್ತವೆ. ಅದರ ಮೇಲೆ ಇಗ್ನಿಷನ್, ವೈಪರ್, ಸ್ಟೀರಿಯೊ, ಹಿಂದಿನ ದೀಪಗಳು. ಡೈನಮೋ ಎಷ್ಟೇ ಆರೋಗ್ಯವಾಗಿದ್ದರೂ ಬ್ಯಾಟರಿ ಖಾಲಿಯಾಗಲೇಬೇಕು. ಗಿರಾಕಿ ಹೊಸ ಬಲ್ಬಿನ ವಿಷಯ ಹೇಳುವುದಿಲ್ಲ, ಎಲೆಕ್ಟ್ರಿಷಿಯನ್ ಕೇಳುವುದಿಲ್ಲ.

ನನ್ನ ಆಕ್ಷೇಪದಲ್ಲಿ ಹೆಚ್ಚಿನ ಪಾಲು ಸಲ್ಲುವುದು ಗಿರಾಕಿಗಳಿಗೆ. ಪಾರ್ಟು ಬದಲಿಸಿದರೆ ಚೌಕಾಸಿ ಮಾಡಿಯಾದರೂ ಕೊಡುತ್ತೇವೆ. ಅರ್ಧ ಗಂಟೆ ಮೀಟರ್ ಹಿಡಿದು ದೋಷ ಹುಡುಕಿ, ಬರೀ ಒಂದು ನಟ್ಟು ಬಿಗಿದುಕೊಟ್ಟವನಿಗೆ ಕೂಲಿ ಕೊಡಲು ಮನಸ್ಸು ಬರುವುದಿಲ್ಲ. ಹುಡುಕುವ ಕೆಲಸಕ್ಕೆ ಬೆಲೆಯಿಲ್ಲದ ಕಡೆ ಬದಲಿಸುವ ಕೆಲಸವೇ ಹೆಚ್ಚುತ್ತದೆ. ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ. ಬ್ರಷ್ಷು ಸವೆದದ್ದಕ್ಕೋ ಒಂದು ವಾಯರು ಸಡಿಲವಾದದ್ದಕ್ಕೋ ಗುಜರಿಗೆ ಹಾಕಿದ ಮೂಲ ಡೈನಮೋಗೆ ಬದಲಾಗಿ ಅಂಥದೇ ಇನ್ನೊಂದು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಮೀಟರ್ ಹಿಡಿದ ಅರ್ಧ ಗಂಟೆಗೆ ಮೊದಲೇ ಕೂಲಿ ಗೊತ್ತುಮಾಡಿಕೊಂಡು ಕಾರು ಬಿಡುವ ರೂಢಿಯನ್ನು ನಮ್ಮ ಕಡೆಯ ಹಳೇ ಕಾರಿನವರು ಇನ್ನಾದರೂ ಶುರು ಮಾಡಬೇಕು.