ರಟ್ಲೆಂಡ್: ಐದು ಸಾಲು, ಅವುಗಳ ವ್ಯಾಖ್ಯಾನ

ಯುರೋಪಿನ ಹಳ್ಳಿಗಾಡಿನ ಆಡಳಿತ ಹೇಗೆ ನಡೆಯುತ್ತದೆ ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಇಂಗ್ಲೆಂಡಿನ ರಟ್ಲೆಂಡ್ ಕೌಂಟಿಯ ಕಥೆ. ಅದನ್ನು ಐದು ಸಾಲಿಗೆ ಇಳಿಸಿ ಬರೆದಿದ್ದೇನೆ, ಒಂದೊಂದನ್ನೇ ಬಿಡಿಸುತ್ತೇನೆ.

‘ಮೂರು ದೊಡ್ಡ ಕೌಂಟಿಗಳ ನಡುವೆ ಒಂದು ಪುಟ್ಟ ಕೌಂಟಿ.’

ಪಶ್ಚಿಮಕ್ಕೂ ಉತ್ತರಕ್ಕೂ ಲೆಸ್ಟರ್‌ಶೈರ್, ಈಶಾನ್ಯಕ್ಕೆ ಲಿಂಕನ್‌ಶೈರ್, ಆಗ್ನೇಯಕ್ಕೆ ನಾರ್ಥಾಂಪ್ಟನ್‌ಶೈರ್. ದಕ್ಷಿಣದ ಗಡಿ ವೆಲ್ಲಂಡ್ ನದಿ. ವಿಸ್ತೀರ್ಣ ಸುಮಾರು 382 ಚದರ ಕಿಲೋಮೀಟರ್. ಉದ್ದಕ್ಕೆ ಹೋದರೂ ಅಡ್ಡಕ್ಕೆ ಹೋದರೂ 30 ಕಿಲೋಮೀಟರ್ ತುಂಬುವುದಿಲ್ಲ. ಪಟ್ಟಣ ಎನ್ನಬಹುದಾದವು ಎರಡೇ, ಓಕಮ್ ಮತ್ತು ಅಪ್ಪಿಂಗ್‌ಹ್ಯಾಮ್. ಉಳಿದದ್ದೆಲ್ಲ ಹುಲ್ಲುಗಾವಲು, ಹೊಲ, ಕಲ್ಲಿನ ಮನೆಗಳ ಹಳ್ಳಿ. ಆ ಕಲ್ಲು ಸಾಮಾನ್ಯದ್ದಲ್ಲ. ಕೆಟ್ಟನ್ ಹಳ್ಳಿಯ ಸುಣ್ಣಕಲ್ಲಿನಿಂದ ಕೇಂಬ್ರಿಜ್‌ನ ಕಾಲೇಜು ಕಟ್ಟಡಗಳೂ ಎದ್ದಿವೆ.

‘ರಾಣಿಯರ ಉಂಬಳಿಯಾಗಿದ್ದ ನೆಲ.’

ನಾರ್ಮನ್ನರು ಬರುವ ಮೊದಲು ಇಲ್ಲಿನ ಬಹುಪಾಲು ಭೂಮಿ ದೊರೆ ಎಡ್ವರ್ಡ್‌ನ ರಾಣಿ ಈಡಿತ್‌ಳ ಕೈಯಲ್ಲಿತ್ತು. ಸುತ್ತಲಿನ ಕೌಂಟಿಗಳ ಒಳಗೆ ಇದು ಕರಗಿಹೋಗದಿರಲು ಆ ಪ್ರತ್ಯೇಕತೆಯೇ ಕಾರಣವೆಂದು ನನ್ನ ಎಣಿಕೆ. 12ನೆಯ ಶತಮಾನದ ಹೊತ್ತಿಗೆ ಇದಕ್ಕೆ ಕೌಂಟಿಯ ಸ್ಥಾನ ಸಿಕ್ಕಿತ್ತು.

‘ಓಕಮ್ ಕೋಟೆಯ ಗೋಡೆ ತುಂಬ ಕುದುರೆ ಲಾಳ.’

ಕೋಟೆಯೆಂದರೆ ಈಗ ಉಳಿದಿರುವುದು ಒಂದು ಹಜಾರ. ವಾಕಲಿನ್ ಡಿ ಫೆರರ್ಸ್ ಎಂಬ ನಾರ್ಮನ್ ಸರದಾರ 1180ರಿಂದ 1190ರ ಸುಮಾರಿಗೆ ಕಟ್ಟಿಸಿದ್ದು. ಒಳಹೊಕ್ಕರೆ ಬಿಳಿ ಗೋಡೆಯ ಮೇಲೆ ಇನ್ನೂರಕ್ಕೂ ಮಿಕ್ಕಿ ಲಾಳಗಳು. ಬಿರುದಾಂಕಿತ ಶ್ರೀಮಂತರು ಓಕಮ್‌ಗೆ ಮೊದಲ ಸಲ ಕಾಲಿಟ್ಟಾಗ ಒಂದು ಲಾಳ ಕಾಣಿಕೆ ಕೊಡಬೇಕೆಂಬ ಕಟ್ಟಳೆ. ದೊರೆ ರಾಣಿಯರಿಗೂ ರಿಯಾಯಿತಿ ಇಲ್ಲ. ಇರುವುದರಲ್ಲಿ ಹಳೆಯದು ನಾಲ್ಕನೆಯ ಎಡ್ವರ್ಡ್ ಕೊಟ್ಟದ್ದೆನ್ನುತ್ತಾರೆ. ಇವು ಕುದುರೆಯ ಕಾಲಿಗೆ ಹೊಡೆಯುವಂಥವಲ್ಲ. ಕೆಲವು ಆಳೆತ್ತರಕ್ಕೆ ಹತ್ತಿರ, ಮೇಲೊಂದು ಕಿರೀಟ, ಬಣ್ಣ, ಕೊಟ್ಟವರ ಹೆಸರು. ಎಲ್ಲದರ ಬಾಯಿಯೂ ಕೆಳಮುಖ. ಮೇಲ್ಮುಖವಾಗಿದ್ದರೆ ಅದರ ಗುಳಿಯಲ್ಲಿ ಸೈತಾನ ಬಂದು ಕೂರುತ್ತಾನೆಂದು ಊರಿನವರ ನಂಬಿಕೆ. ಶತಮಾನಗಳ ಕಾಲ ಇದೇ ಹಜಾರದಲ್ಲಿ ನ್ಯಾಯಾಲಯ ಕೂತಿದೆ. ಕೌಂಟಿಯ ಲಾಂಛನದಲ್ಲಿಯೂ ಹಸಿರು ನೆಲದ ಮೇಲೆ ಚಿನ್ನದ ಬಣ್ಣದ ಲಾಳವಿದೆ.

‘1974ರ ಏಪ್ರಿಲ್ 1ರಂದು ಹೋಯಿತು, 1997ರ ಏಪ್ರಿಲ್ 1ರಂದು ಬಂತು.’

ಈ ಐದರಲ್ಲಿ ನನಗೆ ಮುಖ್ಯವಾದ ಸಾಲು ಇದೇ. ಇಷ್ಟು ಚಿಕ್ಕ ಕೌಂಟಿ ಏಕೆ, ಪಕ್ಕದವರೊಡನೆ ಸೇರಿಸಿಬಿಡೋಣ ಎಂಬ ಮಾತು 1960ರ ದಶಕದಲ್ಲೇ ಎದ್ದಿತ್ತು. ಜನ ಹೋರಾಡಿ ಆಗ ತಡೆದರು. ಆದರೆ 1972ರ ಸ್ಥಳೀಯ ಆಡಳಿತ ಕಾಯ್ದೆ ಜಾರಿಗೆ ಬಂದಾಗ ಉಳಿಸಿಕೊಳ್ಳಲಾಗಲಿಲ್ಲ. ರಟ್ಲೆಂಡ್ ಲೆಸ್ಟರ್‌ಶೈರ್ ಕೌಂಟಿಯ ಒಂದು ಡಿಸ್ಟ್ರಿಕ್ಟ್ ಆಯಿತು. ಅಲ್ಲಿನ ಡಿಸ್ಟ್ರಿಕ್ಟ್ ಕೌಂಟಿಗಿಂತ ಕೆಳಗಿನ ಹಂತ. ಕಸ ಸಂಗ್ರಹ, ಮನೆ ಕಟ್ಟಲು ಪರವಾನಗಿಯಂಥ ಕೆಲಸ ಊರಲ್ಲೇ ಉಳಿದವು. ಶಾಲೆ, ರಸ್ತೆ, ವೃದ್ಧರ ಆರೈಕೆ ಲೆಸ್ಟರ್ ಪಕ್ಕದ ಗ್ಲೆನ್‌ಫೀಲ್ಡ್ ಕಚೇರಿಗೆ ಹೋದವು. ತನ್ನ ಹಳ್ಳಿಯ ಶಾಲೆಯ ವಿಷಯ ಇನ್ನೊಂದು ಕೌಂಟಿಯ ಕಚೇರಿಯಲ್ಲಿ ತೀರ್ಮಾನವಾಗುವಾಗ ರೈತನಿಗಾಗುವ ಸಂಕಟವನ್ನು ಯಾರೂ ಹಗುರವಾಗಿ ನೋಡಬಾರದು.

ಅದೇ ಕಾಲಕ್ಕೆ ಗ್ವಾಶ್ ನದಿಯ ಕಣಿವೆಗೂ ನೀರು ಹರಿಯಿತು. ಸುತ್ತಣ ಪಟ್ಟಣಗಳಿಗೆ ಕುಡಿಯುವ ನೀರೊದಗಿಸಲು ಎಂಪಿಂಗ್‌ಹ್ಯಾಮ್ ಬಳಿ ಮಣ್ಣಿನ ಒಡ್ಡು ಕಟ್ಟಿ, ವೆಲ್ಲಂಡ್ ಮತ್ತು ನೀನ್ ನದಿಗಳಿಂದ ನೀರು ಪಂಪ್ ಮಾಡಿ ತುಂಬಿಸಿದರು. ನೆದರ್ ಹ್ಯಾಂಬಲ್ಟನ್ ಎಂಬ ಹಳ್ಳಿ ಮುಳುಗಿತು. ಅದರ ಜೋಡಿ ಊರು ಅಪ್ಪರ್ ಹ್ಯಾಂಬಲ್ಟನ್ ಗುಡ್ಡದ ಮೇಲಿದ್ದುದರಿಂದ ನೀರಿನ ನಡುವೆ ಉಳಿಯಿತು. ನಾರ್ಮಂಟನ್ ಚರ್ಚಿನ ಕೆಳಭಾಗಕ್ಕೆ ಕಲ್ಲು ತುಂಬಿ, ನೆಲವನ್ನು ನೀರಿನ ಮಟ್ಟಕ್ಕಿಂತ ಎತ್ತರಿಸಿ ಉಳಿಸಿಕೊಂಡರು. ಕಟ್ಟುವಾಗ ಎಂಪಿಂಗ್‌ಹ್ಯಾಮ್ ಜಲಾಶಯ ಎನ್ನುತ್ತಿದ್ದರು; 1976ರಲ್ಲಿ ಉದ್ಘಾಟನೆಯಾದಾಗ ‘ರಟ್ಲೆಂಡ್ ವಾಟರ್’ ಎಂದಾಯಿತು. ಕೌಂಟಿ ಇಲ್ಲವಾದ ಎರಡು ವರ್ಷಕ್ಕೆ, ನೀರಿನ ಹರವಿನಲ್ಲಿ ಇಂಗ್ಲೆಂಡಿನಲ್ಲೇ ದೊಡ್ಡದಾದ ಜಲಾಶಯ ಅದರ ಹೆಸರು ಹೊತ್ತಿತು. ಮುಂದೆ 1996ರಿಂದ ಇಲ್ಲಿ ಮೀನುಹದ್ದುಗಳನ್ನು ತಂದು ಬಿಟ್ಟರು. 2001ರಲ್ಲಿ ಮೊದಲ ಮರಿ ಹುಟ್ಟಿತು.

‘ಈಗ ಒಂದೇ ಕೌನ್ಸಿಲ್, 27 ಸದಸ್ಯರು.’

1997ರಿಂದ ರಟ್ಲೆಂಡಿನಲ್ಲಿ ಎರಡು ಹಂತಗಳಿಲ್ಲ. ರಸ್ತೆ, ಶಾಲೆ, ಕಸ, ಗ್ರಂಥಾಲಯ ಎಲ್ಲಕ್ಕೂ ಓಕಮ್‌ನ ಒಂದೇ ಕೌನ್ಸಿಲ್ ಹೊಣೆ. ಪೊಲೀಸ್ ಮತ್ತು ಅಗ್ನಿಶಾಮಕ ಸೇವೆ ಮಾತ್ರ ಲೆಸ್ಟರ್‌ಶೈರಿನೊಂದಿಗೆ ಜಂಟಿ. ಕೆಳಗೆ ಪ್ಯಾರಿಷ್ ಕೌನ್ಸಿಲ್‌ಗಳಿವೆ. ತೀರ ಸಣ್ಣ ಹಳ್ಳಿಯಲ್ಲಿ ಚುನಾಯಿತರೂ ಬೇಕಿಲ್ಲ, ಮತದಾರರೆಲ್ಲ ಸಭೆ ಸೇರಿ ತೀರ್ಮಾನಿಸುತ್ತಾರೆ.

2021ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 41,049. ಬ್ರಿಟಿಷ್ ಸರ್ಕಾರ 2024ರ ಡಿಸೆಂಬರಿನಲ್ಲಿ ಹೊರಡಿಸಿದ ಶ್ವೇತಪತ್ರ, ಹೊಸ ಕೌನ್ಸಿಲ್‌ಗಳಿಗೆ 5 ಲಕ್ಷ ಜನಸಂಖ್ಯೆಯನ್ನು ಅಳತೆಯಾಗಿ ಇಟ್ಟಿತು. ರಟ್ಲೆಂಡ್ ಮತ್ತೆ ಕುತ್ತಿಗೆ ಒಡ್ಡಬೇಕಾಗಿ ಬಂತು. ಖರ್ಚಿನ ಲೆಕ್ಕ ನನಗೂ ಅರ್ಥವಾಗುತ್ತದೆ. ಇಷ್ಟು ಕಡಿಮೆ ತೆರಿಗೆದಾರರಿಂದ ವೃದ್ಧರ ಆರೈಕೆಯ ವೆಚ್ಚ ಹೊಂದಿಸುವುದು ಕಷ್ಟ. ಆದರೂ 1974ರಲ್ಲಿ ಕೌನ್ಸಿಲ್‌ನ ಜೊತೆಗೆ ದೊರೆಯ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್ ಹುದ್ದೆಯೂ ಹೋಗಿತ್ತೆಂಬುದನ್ನು ಮರೆಯಬಾರದು. ಕೌನ್ಸಿಲ್‌ಗಳನ್ನು ಸೇರಿಸುವುದು ಅನಿವಾರ್ಯವೇ ಆದರೂ, ಆ ಹುದ್ದೆಯನ್ನೂ ಕೌಂಟಿಯ ಗಡಿಯನ್ನೂ ಈ ಸಲ ಕಾನೂನಿನಲ್ಲೇ ಬರೆದು ಉಳಿಸಬೇಕು.