ಸೆನ್ಸರ್ ಬದಲಿಸಿದರೆ ಸಾಕೇ?

2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಕಡ್ಡಾಯವಾದ ಮೇಲೆ ಡೀಸೆಲ್ ಗಾಡಿಯ ಸೈಲೆನ್ಸರ್ ಬರೀ ಕೊಳವೆಯಾಗಿ ಉಳಿದಿಲ್ಲ. ಮಸಿ ಹಿಡಿಯುವ ಫಿಲ್ಟರ್ ಬಂತು, ಹೊಗೆಯ ಬಿಸಿ ಅಳೆಯುವ ಸೆನ್ಸರ್‌ಗಳೂ ಬಂದವು. ಫಿಲ್ಟರಿನಲ್ಲಿ ಕೂತ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಅದು ತೀರಾ ಏರಿದರೆ ಫಿಲ್ಟರೇ ಬಿರುಕು ಬಿಡುತ್ತದೆ. ಹಾಗಾಗಿ ಸೆನ್ಸರಿನ ಲೆಕ್ಕ ನಂಬುವಂತಿಲ್ಲ ಎನಿಸಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಮಸಿ ಸುಡುವುದನ್ನೇ ನಿಲ್ಲಿಸುತ್ತದೆ. ಮಂಗಳೂರಿನ ನಂತೂರು, ಪಂಪ್‌ವೆಲ್ ವೃತ್ತಗಳಲ್ಲಿ ನಿಂತು ನಿಂತು ಸಾಗುವ ಗಾಡಿಗೆ ಮೊದಲೇ ಹೊಗೆಯಲ್ಲಿ ಬಿಸಿ ಸಾಲದು, ಮಸಿ ಬೇಗ ತುಂಬುತ್ತದೆ. ಆಮೇಲೆ ಚೆಕ್ ಎಂಜಿನ್ ಲೈಟು, ಸ್ಕ್ಯಾನರ್, ಕೋಡ್, ಹೊಸ ಸೆನ್ಸರ್. ಈ ಕ್ರಮ ಎಲ್ಲೆಡೆಯಂತೆ ಇಲ್ಲೂ ರೂಢಿಯಾಗಿದೆ. ನನ್ನ ತಕರಾರು ಇರುವುದು ಅದರ ಕೊನೆಯ ಹೆಜ್ಜೆಯ ಬಗ್ಗೆ.

ಕೋಡ್ ದೂರುವುದು ಸರ್ಕ್ಯೂಟನ್ನು, ಸೆನ್ಸರನ್ನಲ್ಲ. ಸಾಮಾನ್ಯವಾಗಿ ಇಸಿಯು 5 ವೋಲ್ಟ್ ಕಳಿಸಿ, ಅದರಲ್ಲಿ ಎಷ್ಟು ಉಳಿಯಿತೆಂದು ನೋಡುತ್ತದೆ. ವೈರು ತುಂಡಾದರೆ ಪೂರ್ತಿ ವೋಲ್ಟೇಜು ಹಾಗೇ ಕಾಣುತ್ತದೆ, ಪಿ0546 ಕೋಡ್ ಬರುತ್ತದೆ. ವೈರು ಸವೆದು ಬಾಡಿಗೆ ತಾಗಿದರೆ ವೋಲ್ಟೇಜು ಬಿದ್ದು ಪಿ0545. ಎರಡರಲ್ಲೂ ಸೆನ್ಸರ್ ನಿರಪರಾಧಿಯಾಗಿರಬಹುದು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ, ಕಡಲ ಉಪ್ಪುಗಾಳಿ ಬಿಡದ ಈ ಊರಿನಲ್ಲಿ ಮೊದಲ ಅನುಮಾನ ಹೋಗಬೇಕಾದದ್ದು ಕನೆಕ್ಟರಿನ ಕಿಲುಬಿನ ಮೇಲೆ. ನಂತರ ಇಲಿ ಕಡಿದ ವೈರಿನ ಮೇಲೆ. ಇದನ್ನು ಪರೀಕ್ಷಿಸಲು ದುಬಾರಿ ಯಂತ್ರವೂ ಬೇಡ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ ಸ್ಕ್ಯಾನರಿನಲ್ಲಿ ನೋಡಿದರೆ ಹೊಗೆಯ ಸೆನ್ಸರು, ಕೂಲೆಂಟಿನದು, ಗಾಳಿಯದು ಮೂರೂ ಹೆಚ್ಚುಕಡಿಮೆ ಒಂದೇ ಬಿಸಿ ಹೇಳಬೇಕು. ಇಲ್ಲಿ ಅದು 26–28 ಡಿಗ್ರಿಯ ಆಸುಪಾಸು. ಬಿಸಿಯಾದಂತೆ ಓಮ್ ಏರುವ ಪಿಟಿ200 ಮಾದರಿಯ ಸೆನ್ಸರಾದರೆ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಸುಮಾರು 220 ಓಮ್ ತೋರಿಸಬೇಕು. ಅಷ್ಟು ಸರಿಯಾಗಿ ತೋರಿಸಿಯೂ ಸ್ಕ್ಯಾನರಿನಲ್ಲಿ 90 ಡಿಗ್ರಿ ಕಂಡರೆ ಕಳ್ಳ ಕನೆಕ್ಟರಿನಲ್ಲೋ ವೈರಿನಲ್ಲೋ ಇದ್ದಾನೆ: ಕಿಲುಬು ಸೇರಿಸಿದ 50 ಓಮ್ ಅಡ್ಡಿಯೇ 65 ಡಿಗ್ರಿಯ ಸುಳ್ಳಾಗುತ್ತದೆ. (ಎಲ್ಲ ಸೆನ್ಸರೂ ಪಿಟಿ200 ಅಲ್ಲ, ಕೆಲವು ಬಿಸಿಯಾದಂತೆ ಓಮ್ ಇಳಿಯುವ ಜಾತಿ. ಕಂಪನಿಯ ಕೋಷ್ಟಕ ನೋಡದೆ ಮೀಟರ್ ಹಿಡಿಯುವುದೂ ಒಂದು ಬಗೆಯ ಊಹೆಯೇ.)

ಹೊಸ ಸೆನ್ಸರ್ ಹಾಕಿದ ಮೇಲೆ ಲೈಟು ಆರಿತಲ್ಲ, ಇನ್ನೇನು ಸಾಕ್ಷಿ ಬೇಕು ಎಂದು ಮೆಕ್ಯಾನಿಕ್ ಕೇಳಬಹುದು. ಆದರೆ ಬದಲಿಸುವಾಗ ಕನೆಕ್ಟರನ್ನು ಬಿಚ್ಚಿ ಮತ್ತೆ ಒತ್ತಿರುತ್ತಾರೆ. ಆ ತಿಕ್ಕಾಟಕ್ಕೇ ಕಿಲುಬು ಕಿತ್ತು ಸಂಪರ್ಕ ಕೂಡಿರಬಹುದು. ಹಳೆಯ ಸೆನ್ಸರನ್ನು ಅಳೆಯದೆ ಎಸೆದವರಿಗೆ ಯಾವುದು ಗುಣಪಡಿಸಿತೆಂದು ಗೊತ್ತಾಗುವುದಿಲ್ಲ, ಮುಂದಿನ ಮಳೆಗಾಲಕ್ಕೆ ಅದೇ ಕೋಡ್ ಮರಳಬಹುದು. ಇನ್ನು ಸೆನ್ಸರ್ ನಿಜವನ್ನೇ ಹೇಳುತ್ತಿರುವ ಸಂದರ್ಭ: ಇಂಜೆಕ್ಟರ್ ಸೋರಿ ಹೊಗೆ ನಿಜಕ್ಕೂ ಕಾದಿದ್ದರೆ, ಹೊಸ ಸೆನ್ಸರೂ ಅದನ್ನೇ ಹೇಳುತ್ತದೆ. ಅಷ್ಟರಲ್ಲಿ ಬಿಸಿಗೆ ಕಚ್ಚಿಕೊಂಡಿದ್ದ ಹಳೆಯದು ಬಿಚ್ಚುವಾಗ ಮುರಿದು, ಥ್ರೆಡ್ಡೂ ಹಾಳಾಗಿ, ಒಂದು ಕೆಲಸ ಎರಡಾಗಿರಬಹುದು.

ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಲ್ಲಿ ಮಾತ್ರ ತಪ್ಪುವ ಸೆನ್ಸರನ್ನು ಬೆಳಗಿನ ಪರೀಕ್ಷೆ ಹಿಡಿಯದು ಎಂಬ ಆಕ್ಷೇಪಕ್ಕೆ ಮಾತ್ರ ನಿಜವಾದ ತೂಕವಿದೆ. ಅಂಥ ಗಾಡಿಗೆ ಸ್ಕ್ಯಾನರ್ ಜೋಡಿಸಿ ಓಡಿಸಿಯೇ ನೋಡಬೇಕು. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಹೊಗೆಯ ಬಿಸಿ ಹಂತಹಂತವಾಗಿ ಏರುತ್ತದೆ. ನಡುವೆ ಒಂದೇ ಕ್ಷಣದಲ್ಲಿ ನೂರಾರು ಡಿಗ್ರಿ ಜಿಗಿದರೆ ಅದು ಬಿಸಿಯಲ್ಲ, ಬಿಟ್ಟುಹೋದ ಸಂಪರ್ಕ. ಅದು ಸೆನ್ಸರಿನ ಒಳಗೋ ಹೊರಗೋ ಎಂಬುದನ್ನು ವೈರು ಅಲ್ಲಾಡಿಸಿ ನೋಡಿ ತಿಳಿಯಬೇಕು. ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂಬ ಪ್ರಶ್ನೆಯ ಬೇರು ಗ್ಯಾರೇಜಿನಲ್ಲಷ್ಟೇ ಇಲ್ಲ. ಹೊಸ ಸೆನ್ಸರಿನ ದುಡ್ಡನ್ನು ಚೌಕಾಶಿಯಿಲ್ಲದೆ ಕೊಡುವ ಗಿರಾಕಿ, ಅರ್ಧ ಗಂಟೆ ಹುಡುಕಿ ಕನೆಕ್ಟರ್ ಒರೆಸಿ ಸರಿಮಾಡಿದವನಿಗೆ ‘ಏನೂ ಹಾಕಿಲ್ಲವಲ್ಲ, ಇಷ್ಟೊಂದು ಯಾಕೆ?’ ಎನ್ನುತ್ತಾನೆ.